ಇಲ್ಲಿಂದ ಅಲ್ಲಿಯವರೆಗೆ

ಗಡಿನಾಡಿನವರಿಗೆ 'ಇಲ್ಲಿಂದ ಅಲ್ಲಿಯವರೆಗೆ' ಎಂಬ ಮಾತು ಎಂದೂ ಸರಳವಾಗಿ ಕೇಳಿಸಿದ್ದಿಲ್ಲ. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಆ ಮಾತು ಕಡತದಲ್ಲಿಯೇ ಉಳಿಯಿತು. ಎರಡು ತುದಿಗಳನ್ನು ಹೆಸರಿಸುವುದು ಸುಲಭ. ನಡುವೆ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ತೀರ್ಮಾನಿಸುವುದು ಆ ತುದಿಗಳಲ್ಲ. ಗೆರೆ ಎಳೆಯುವವನ ಕೈಯಲ್ಲಿರುವ ಕ್ರಮ. ಈ ಸಂಗತಿ ನೆಲಕ್ಕೆ ಮಾತ್ರವಲ್ಲ, ಅಕ್ಷರಗಳಿಗೂ ಅನ್ವಯಿಸುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ನಂತರ, ಗಣಕಯಂತ್ರದ ಮುಂದೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ನಿವೃತ್ತಿಯ ಬಳಿಕ ನಮ್ಮ ಸುತ್ತಮುತ್ತಲಿನ ಊರು, ಮನೆ, ಗದ್ದೆ, ಗುಡ್ಡಗಳ ಹೆಸರುಗಳನ್ನು ಒಂದೆಡೆ ಸೇರಿಸುವ ಕೆಲಸ ಕೈಗೆತ್ತಿಕೊಂಡೆ. ಹೆಸರುಗಳು ಕೆಲವು ಸಾವಿರಕ್ಕೆ ಏರಿದಾಗ ಕಾಗದದ ಚೀಟಿಗಳಿಂದ ನಿಭಾಯಿಸಲಾಗಲಿಲ್ಲ. ಗಣಕದಲ್ಲಿ ಹುಡುಕುವುದಕ್ಕೆ, ವಿಂಗಡಿಸುವುದಕ್ಕೆ ಕೆಲವು ಉಪಾಯಗಳನ್ನು ಕಲಿಯಬೇಕಾಯಿತು. ಅವುಗಳಲ್ಲಿ ಒಂದನ್ನು ಇಂಗ್ಲಿಷಿನವರು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಹುಡುಕು-ಸೂತ್ರ ಎಂದು ಕರೆಯುತ್ತೇನೆ.

ಹುಡುಕು-ಸೂತ್ರದ ಮೂಲ ಗಣಿತದಲ್ಲಿದೆ. ಸ್ಟೀಫನ್ ಕ್ಲೀನಿ ಎಂಬ ಅಮೆರಿಕದ ತರ್ಕಶಾಸ್ತ್ರಜ್ಞರು 1950ರ ದಶಕದಲ್ಲಿ ಅದನ್ನು ರೂಪಿಸಿದರು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಬರಹದೊಳಗೆ ಪದ ಹುಡುಕುವ ಸಾಧನವಾಗಿ ಮಾಡಿ ತೋರಿಸಿದರು. ನಮಗೆ ಬೇಕಾದ ಪದ ಇಂಥದ್ದೇ ಎಂದು ತಿಳಿಯದಿದ್ದಾಗ ಅದರ ಆಕಾರವನ್ನು ಮಾತ್ರ ಹೇಳಿ ಹುಡುಕಿಸಬಹುದು. ಚೌಕ ಆವರಣದೊಳಗೆ ಎರಡು ಅಕ್ಷರಗಳನ್ನು ಬರೆದು ನಡುವೆ ಅಡ್ಡಗೆರೆ ಹಾಕಿದರೆ 'ಇಲ್ಲಿಂದ ಅಲ್ಲಿಯವರೆಗಿನ ಯಾವುದಾದರೂ ಒಂದು ಅಕ್ಷರ' ಎಂದರ್ಥ. ಇಂಗ್ಲಿಷಿನ ಸಣ್ಣ 'ಎ' ಬರೆದು, ಅಡ್ಡಗೆರೆ ಹಾಕಿ, ಸಣ್ಣ 'ಝೆಡ್' ಬರೆದರೆ ಇಪ್ಪತ್ತಾರು ಸಣ್ಣಕ್ಷರಗಳಲ್ಲಿ ಯಾವುದಾದರೂ ಒಂದು. ಇಷ್ಟು ನಿರಪಾಯಕರವಾದ ಬರವಣಿಗೆ ಮತ್ತೊಂದಿಲ್ಲ ಎಂದು ಯಾರಿಗಾದರೂ ತೋರುತ್ತದೆ.

ಆದರೆ ಆ ಅಡ್ಡಗೆರೆಯೊಳಗೆ ಒಂದು ಪ್ರಶ್ನೆ ಅಡಗಿದೆ: ನಡುವೆ ಎಂದರೆ ಯಾವ ಕ್ರಮದಲ್ಲಿ? ಗಣಕವು ಅಕ್ಷರವನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಿಗೆ 65ರಿಂದ 90ರವರೆಗಿನ ಸಂಖ್ಯೆಗಳು. ಅನಂತರ ಸೇರಿದ ಸಣ್ಣಕ್ಷರಗಳಿಗೆ 97ರಿಂದ 122. ಶಾಲೆಯ ಕ್ರಮವೂ ಯಂತ್ರದ ಕ್ರಮವೂ ಅಲ್ಲಿ ಒಂದೇ ಆಗಿದ್ದುದರಿಂದ ಯಾರಿಗೂ ಪ್ರಶ್ನೆ ಹುಟ್ಟಲಿಲ್ಲ. ಐಬಿಎಂ ಕಂಪನಿಯ ದೊಡ್ಡ ಯಂತ್ರಗಳ ಎಬ್ಸಿಡಿಕ್ ಪಟ್ಟಿಯಲ್ಲಾದರೋ 'ಐ' ಮತ್ತು 'ಜೆ'ಗಳ ನಡುವೆ, 'ಆರ್' ಮತ್ತು 'ಎಸ್'ಗಳ ನಡುವೆ ಖಾಲಿ ಜಾಗಗಳಿದ್ದವು. ಇಂಗ್ಲಿಷಿಗೂ ಅದರ ಕ್ರಮ ದೇವರು ಕೊಟ್ಟದ್ದಾಗಿರಲಿಲ್ಲ. ಯಾರೋ ಕುಳಿತು ಜೋಡಿಸಿದ್ದು.

ಗಣಕಗಳು ಇಂಗ್ಲಿಷ್ ಅರಿಯದ ನಾಡುಗಳಿಗೂ ಹೋದಾಗ ಒಂದು ಸದ್ವಿಚಾರ ಮೂಡಿತು. ಪ್ರತಿಯೊಂದು ಭಾಷೆಯವರೂ ತಮ್ಮ ಯಂತ್ರಕ್ಕೆ 'ನನ್ನ ಭಾಷೆ ಇದು, ನನ್ನ ಅಕ್ಷರಕ್ರಮ ಇದು' ಎಂದು ಹೇಳುವಂತಿರಬೇಕು. ಈ ಭಾಷಾ ಹೊಂದಾಣಿಕೆಗೆ ಲೊಕೇಲ್ ಎಂದು ಹೆಸರು. 1992ರ ಪಾಸಿಕ್ಸ್ ಮಾನದಂಡವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹುಡುಕು-ಸೂತ್ರದ 'ಇಲ್ಲಿಂದ ಅಲ್ಲಿಯವರೆಗೆ' ಎಂಬುದು ಆಯಾ ಭಾಷೆಯ ಅಕಾರಾದಿ ಕ್ರಮದಂತೆಯೇ ನಡೆಯಬೇಕು ಎಂದಿತು. ಗಡಿನಾಡಿನವನಾದ ನನಗೆ ಓದಿದೊಡನೆ ಇದು ನ್ಯಾಯವೆಂದೇ ತೋರಿತು. ಅವರವರ ಮನೆಯಲ್ಲಿ ಅವರವರ ಕ್ರಮ.

ಫಲ ಮಾತ್ರ ವಿಚಿತ್ರವಾಯಿತು. ನಿಘಂಟಿನ ಕ್ರಮದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆ ಬೇರೆ ಸಾಲುಗಳಲ್ಲಿ ನಿಲ್ಲುವುದಿಲ್ಲ. ಸಣ್ಣ 'ಎ', ದೊಡ್ಡ 'ಎ', ಸಣ್ಣ 'ಬಿ', ದೊಡ್ಡ 'ಬಿ' ಎಂದು ಜೋಡಿ ಜೋಡಿಯಾಗಿ ಬರುತ್ತವೆ. ಆ ಕ್ರಮದಲ್ಲಿ ದೊಡ್ಡ 'ಎ'ಯಿಂದ ದೊಡ್ಡ 'ಝೆಡ್'ವರೆಗೆ ಎಂದರೆ ಸಣ್ಣ 'ಎ' ಒಂದನ್ನು ಬಿಟ್ಟು ಉಳಿದ ಸಣ್ಣಕ್ಷರಗಳೆಲ್ಲ ಒಳಗೆ ಬಂದುಬಿಡುತ್ತವೆ. ಗಾಕ್ ಎಂಬ ಉಪಕರಣದ ಕೈಪಿಡಿಯಲ್ಲಿ ಇದಕ್ಕೊಂದು ಉದಾಹರಣೆಯಿದೆ. ಸಾಲಿನ ಕೊನೆಯಲ್ಲಿರುವ ದೊಡ್ಡಕ್ಷರಗಳನ್ನು ಅಳಿಸು ಎಂದು ಹೇಳಿದರೆ, ಸಾಲಿನ ಕೊನೆಯಲ್ಲಿದ್ದ ಸಣ್ಣಕ್ಷರಗಳಲ್ಲಿ 'ಬಿ', 'ಸಿ'ಗಳು ಅಳಿಸಿಹೋಗಿ 'ಎ' ಮಾತ್ರ ಉಳಿಯಿತಂತೆ. ಅದೇ ಯಂತ್ರ, ಅದೇ ಆಜ್ಞೆ. ಬದಲಾದದ್ದು ಭಾಷೆಯ ಹೊಂದಾಣಿಕೆ ಮಾತ್ರ. ಅಳಿಸುವ ಆಜ್ಞೆಗೆ ಇಂಥ ಸೂತ್ರವನ್ನು ಜೋಡಿಸಿದವರ ಗತಿಯನ್ನು ಊಹಿಸಿಕೊಳ್ಳಬಹುದು.

ಬೇರೆ ನಾಡುಗಳ ಕಥೆ ಇನ್ನೂ ಸ್ವಾರಸ್ಯಕರ. ಎಸ್ಟೋನಿಯಾದ ವರ್ಣಮಾಲೆಯಲ್ಲಿ 'ಝೆಡ್' ಕೊನೆಯ ಅಕ್ಷರವಲ್ಲ. ಅದು 'ಎಸ್' ಆದ ಮೇಲೆ, 'ಟಿ'ಗಿಂತ ಮೊದಲು ಬರುತ್ತದೆ. ಅಲ್ಲಿಯ ಕ್ರಮವನ್ನು ಪಾಲಿಸುವ ಯಂತ್ರಕ್ಕೆ 'ಎ'ಯಿಂದ 'ಝೆಡ್'ವರೆಗೆ ಎಂದರೆ 'ಟಿ', 'ಯು', 'ವಿ'ಗಳು ಹೊರಗೆ. ಸ್ವೀಡನ್ನಿನವರ ಮೂರು ಸ್ವರಾಕ್ಷರಗಳು 'ಝೆಡ್' ಆದ ಮೇಲೆ ಬರುತ್ತವೆ. ಆದ್ದರಿಂದ ಅವು ಹೊರಗೆ. ಲಿಥುವೇನಿಯಾದವರ 'ವೈ' ಅಕ್ಷರ 'ಐ'ಯ ಪಕ್ಕದಲ್ಲಿಯೇ ಕುಳಿತಿದೆ. ಸ್ಪ್ಯಾನಿಷ್ ಭಾಷೆಯವರು 'ಸಿ', 'ಎಚ್' ಸೇರಿದ ಜೋಡಿಯನ್ನು ಒಂದೇ ಅಕ್ಷರವೆಂದು ನಿಘಂಟಿನಲ್ಲಿ 'ಸಿ'ಯ ಬಳಿಕ ಪ್ರತ್ಯೇಕವಾಗಿ ಇಡುತ್ತಿದ್ದರು. 1994ರಲ್ಲಿ ಅವರ ಅಕಾಡೆಮಿಗಳ ಒಕ್ಕೂಟ ಆ ಪದ್ಧತಿಯನ್ನು ಕೈಬಿಟ್ಟಿತು. ಒಂದು ಸಭೆಯ ನಿರ್ಣಯದಿಂದ ನಿಘಂಟಿನ ಪುಟಗಳು ಸ್ಥಳ ಬದಲಾಯಿಸಿದವು.

ಕೊನೆಗೆ ಮಾನದಂಡದವರೇ ಹಿಂದೆ ಸರಿದರು. 2008ರ ಆವೃತ್ತಿಯಲ್ಲಿ, ಮೂಲ ಹೊಂದಾಣಿಕೆಯೊಂದನ್ನು ಬಿಟ್ಟು ಉಳಿದ ಭಾಷೆಗಳಲ್ಲಿ ಈ ವ್ಯಾಪ್ತಿಯ ಅರ್ಥ ಇಂಥದ್ದೆಂದು ನಿಗದಿಯಾಗಿಲ್ಲ ಎಂದಾಯಿತು. 2011ರಲ್ಲಿ ಬಂದ ಗಾಕ್‌ನ ನಾಲ್ಕನೆಯ ಆವೃತ್ತಿ ಮತ್ತೆ ಸಂಖ್ಯೆಯ ಕ್ರಮಕ್ಕೇ ಮರಳಿತು. ಅನುಭವಿಗಳು ಹೇಳುವ ಬುದ್ಧಿಮಾತೂ ಇದೇ: ಸಂದೇಹವಿದ್ದರೆ ಭಾಷೆಯ ಹೊಂದಾಣಿಕೆಯನ್ನು ತೆಗೆದುಹಾಕಿ 'ಸಿ' ಎಂಬ ಮೂಲ ಹೊಂದಾಣಿಕೆಯಲ್ಲಿ ಕೆಲಸಮಾಡಿ. ಅಂದರೆ, ಭಾಷೆಯನ್ನು ನಂಬಬೇಡಿ, ಸಂಖ್ಯೆಯನ್ನು ನಂಬಿ.

ಇಂಗ್ಲಿಷಿಗೆ ಇದು ಒಳ್ಳೆಯ ಮದ್ದು. ಅದರ ಸಂಖ್ಯಾಕ್ರಮವನ್ನು ಇಂಗ್ಲಿಷ್ ಬಲ್ಲವರೇ ಜೋಡಿಸಿದ್ದಾರೆ. ನಮ್ಮ ಅಕ್ಷರಗಳ ಸಂಖ್ಯೆಗಳನ್ನು ಜೋಡಿಸಿದ ಬಗೆ ಬೇರೆ. ಭಾರತದ ಹಲವು ಲಿಪಿಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸುವ ಇಸ್ಕಿ ಎಂಬ ಸಂಕೇತವನ್ನು 1980ರ ದಶಕದಲ್ಲಿ ರೂಪಿಸಲಾಯಿತು; 1991ರಲ್ಲಿ ಅದು ರಾಷ್ಟ್ರೀಯ ಮಾನಕವಾಯಿತು. ದೇವನಾಗರಿಯ 'ಕ' ಎಲ್ಲಿದೆಯೋ ಕನ್ನಡದ 'ಕ'ವೂ ಮಲಯಾಳದ 'ಕ'ವೂ ಅಲ್ಲಿಯೇ ಇರಬೇಕು, ಆಗ ಒಂದು ಲಿಪಿಯಿಂದ ಮತ್ತೊಂದಕ್ಕೆ ದಾಟುವುದು ಸುಲಭ ಎಂಬುದು ಅದರ ಹಿಂದಿನ ವಿಚಾರ. ಅದೇ ವರ್ಷ ಹೊರಬಂದ ಯೂನಿಕೋಡ್ ಕೂಡ ಆ ಜೋಡಣೆಯನ್ನೇ ಅನುಸರಿಸಿತು. ಕನ್ನಡಕ್ಕೆ 3200ರಿಂದ 3327ರವರೆಗೆ ನೂರಿಪ್ಪತ್ತೆಂಟು ನಿವೇಶನಗಳು ದೊರೆತವು. 'ಅ' 3205ರಲ್ಲಿ, 'ಹ' 3257ರಲ್ಲಿ.

'ಳ' ಎಲ್ಲಿ? ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು 'ಯ ರ ಲ ವ ಶ ಷ ಸ ಹ ಳ' ಎಂದು. ಜಗಲಿಯಲ್ಲಿ ಕುಳಿತು ರಾಗವಾಗಿ ಹೇಳಿದವರಿಗೆ ವರ್ಣಮಾಲೆ ಮುಗಿಯುವುದೇ 'ಳ'ದಲ್ಲಿ. ನೆರೆಮನೆಯ ಮಲಯಾಳಿ ಮಕ್ಕಳೂ 'ಹ' ಆದ ಮೇಲೆಯೇ 'ಳ' ಹೇಳುತ್ತಿದ್ದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಬಂಧುಗಳು ಮರಾಠಿ ಶಾಲೆಯಲ್ಲಿ ಕೇಳುವುದೂ 'ಹ ಳ ಕ್ಷ ಜ್ಞ' ಎಂದೇ. ಆದೋನಿ, ರಾಯದುರ್ಗ, ಮಡಕಶಿರೆಯ ತೆಲುಗು ಪಾಠದಲ್ಲಿಯೂ ಹಾಗೆಯೇ. ಗಡಿಯ ಆಚೆಗೂ ಈಚೆಗೂ ಒಮ್ಮತವಿರುವ ಸಂಗತಿಗಳು ಹೆಚ್ಚಿಲ್ಲ. ಇದು ಅಂಥವುಗಳಲ್ಲಿ ಒಂದು. ಆದರೆ ಯಂತ್ರದ ಪಟ್ಟಿಯಲ್ಲಿ 'ಳ' ಇರುವುದು 3251ರಲ್ಲಿ, 'ಲ'ದ ಬೆನ್ನಿಗೆ, 'ವ'ಕ್ಕಿಂತ ಮೊದಲು.

ಆದ್ದರಿಂದ [ಯ-ಳ] ಎಂದು ಬರೆದರೆ ಏನಾಗುತ್ತದೆ ನೋಡಿ. ಕನ್ನಡದ ಶಾಲಾಕ್ರಮವನ್ನು ಅರಿತ ಯಂತ್ರಕ್ಕೆ ಅದು ಒಂಬತ್ತು ಅಕ್ಷರಗಳು. ಸಂಖ್ಯೆಯನ್ನು ಮಾತ್ರ ನೋಡುವ ಯಂತ್ರಕ್ಕೆ ಐದೇ: ಯ, ರ, ಱ, ಲ, ಳ. ವ, ಶ, ಷ, ಸ, ಹಗಳು ಹೊರಗೆ. ಕರೆಯದೆ ಬಂದ ನೆಂಟನಂತೆ ಹಳಗನ್ನಡದ 'ಱ' ಒಳಗೆ. [ಹ-ಳ] ಎಂದು ಬರೆದರಂತೂ ತುದಿಗಳು ತಲೆಕೆಳಗಾಗಿವೆ ಎಂದು ಹೆಚ್ಚಿನ ಉಪಕರಣಗಳು ಸೂತ್ರವನ್ನೇ ತಿರಸ್ಕರಿಸುತ್ತವೆ. ತಾಳವಾಡಿ, ಹೊಸೂರಿನವರಿಗೆ ತಮಿಳಿನ ಉದಾಹರಣೆ ಹೆಚ್ಚು ಹತ್ತಿರವಾದೀತು. ತಮಿಳಿನ ಹದಿನೆಂಟು ವ್ಯಂಜನಗಳ ಸಾಲು 'ಕ'ದಿಂದ ಆರಂಭವಾಗಿ ಎರಡನೆಯ ಬಗೆಯ 'ನ'ಕಾರದಲ್ಲಿ ಮುಗಿಯುತ್ತದೆ. ಯಂತ್ರದ ಪಟ್ಟಿಯಲ್ಲಿ ಆ ಕೊನೆಯ ನಕಾರವನ್ನು ಮೊದಲ ನಕಾರದ ಪಕ್ಕಕ್ಕೆ ತಂದು ಕೂರಿಸಿದ್ದಾರೆ. ಹಾಗಾಗಿ 'ಮೊದಲಿನಿಂದ ಕೊನೆಯವರೆಗೆ' ಎಂದು ಕೇಳಿದ ತಮಿಳರಿಗೆ ಹದಿನೆಂಟರಲ್ಲಿ ಸಿಗುವುದು ಒಂಬತ್ತು. ಸಂಖ್ಯೆಯ ಕ್ರಮವೇ ಅಕಾರಾದಿ ಕ್ರಮವಲ್ಲ ಎಂದು ಯೂನಿಕೋಡ್‌ನವರೂ ಒಪ್ಪುತ್ತಾರೆ. ವಿಂಗಡಣೆಗೆ ಪ್ರತ್ಯೇಕ ವಿಧಾನವನ್ನೇ ಕೊಟ್ಟಿದ್ದಾರೆ. ಆದರೆ ಸೂತ್ರ ಬರೆಯುವವರಲ್ಲಿ ಅದನ್ನು ನೆನಪಿಡುವವರು ಕಡಿಮೆ.

ನನ್ನನ್ನು ಹೆಚ್ಚು ಕಾಡಿದ್ದು 'ೞ'ದ ಪಾಡು. ಹಳಗನ್ನಡದ 'ಮೞೆ' ನಮಗೆ ಮಳೆಯಾಯಿತು, 'ಕೋೞಿ' ಕೋಳಿಯಾಯಿತು. ಆದರೆ ಕಾಸರಗೋಡಿನ ಪೇಟೆಯಲ್ಲಿ ನಿಂತರೆ ಆ ಧ್ವನಿ ದಿನವೂ ಕಿವಿಗೆ ಬೀಳುತ್ತದೆ. ಮಲಯಾಳಿಗಳ ಮೞ, ಕೋೞಿಗಳಲ್ಲಿ ಅದು ಇನ್ನೂ ಜೀವಂತ. ನಾವು ಶಾಸನಗಳಲ್ಲಿ ಕಾಣುವ ಅಕ್ಷರವನ್ನು ಅವರು ಸಂತೆಯಲ್ಲಿ ಬಳಸುತ್ತಾರೆ. ಯೂನಿಕೋಡ್‌ನಲ್ಲಿ ಮಲಯಾಳದ ಆ ಅಕ್ಷರ ತನ್ನ ಸಾಲಿನಲ್ಲಿಯೇ, 'ಳ' ಮತ್ತು 'ವ'ಗಳ ನಡುವೆ ಇದೆ. 'ಕ'ದಿಂದ 'ಹ'ದವರೆಗೆ ಎಂದರೆ ಒಳಗೆ ಬರುತ್ತದೆ. ಕನ್ನಡದಲ್ಲಿ ಅದಕ್ಕೆ ಸರಿಹೊಂದುವ 3252ನೆಯ ನಿವೇಶನ ಖಾಲಿಯಾಗಿಯೇ ಉಳಿದಿದೆ. ನಮ್ಮ 'ೞ'ವನ್ನು ದೂರದ 3294ರಲ್ಲಿ, ಸಾಮಾನ್ಯ ಬಳಕೆಯ ಸ್ವರಚಿಹ್ನೆಗಳು ಮುಗಿದ ಮೇಲೆ, ನೆಲೆಗೊಳಿಸಿದ್ದಾರೆ. ಹೆಸರನ್ನೂ ತಪ್ಪಾಗಿ ಕೊಟ್ಟಿದ್ದಾರೆ. ಅಧಿಕೃತ ಪಟ್ಟಿಯಲ್ಲಿ ಅದು 'ಫ' ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಆ ಹೆಸರು ಹಾಗೆಯೇ ಇದೆ. ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಸ್ವಂತ ಸಾಲಿನಲ್ಲಿ ಮನೆ ಖಾಲಿ, ಇರುವುದು ಹೊರಗೆ, ದಾಖಲೆಯಲ್ಲಿ ಬೇರೆ ಹೆಸರು. ಗಡಿನಾಡ ಕನ್ನಡಿಗನಿಗೆ ಈ ಅಕ್ಷರದ ಮೇಲೆ ಮಮತೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಇವು ಅಪರೂಪದ ಅಕ್ಷರಗಳ ಮಾತಾಯಿತು. ದಿನಬಳಕೆಯ ತೊಂದರೆ ಬೇರೆಯದು. [ಅ-ಹ] ಎಂದರೆ ಕನ್ನಡದ ಎಲ್ಲ ಅಕ್ಷರಗಳೂ ಬಂದವು ಎಂದು ತಿಳಿಯುವವರು ಬಹಳ. ಆದರೆ ಕೊಂಬು, ಇಳಿ, ಏತ್ವಗಳಂಥ ಸ್ವರಚಿಹ್ನೆಗಳು 'ಹ'ದ ನಂತರ 3262ರಿಂದ ಆರಂಭವಾಗುತ್ತವೆ. ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆ 3277ರಲ್ಲಿದೆ. ಅನುಸ್ವಾರವಾದರೋ 'ಅ'ಕಾರಕ್ಕಿಂತ ಮೊದಲೇ 3202ರಲ್ಲಿ ಕುಳಿತಿದೆ. ಆ ಸೂತ್ರದಿಂದ 'ಕಾಸರಗೋಡು' ಎಂಬ ಹೆಸರನ್ನು ಹುಡುಕಿಸಿದರೆ ಕೈಗೆ ಬರುವುದು 'ಕ', 'ಸರಗ', 'ಡ' ಎಂಬ ಮೂರು ತುಂಡುಗಳು. 'ಕುಂಬಳೆ'ಯಲ್ಲಿ ಉಳಿಯುವುದು 'ಕ' ಮತ್ತು 'ಬಳ'. ಪೈಥಾನ್ ಭಾಷೆಯ ಮೂಲ ಹುಡುಕು-ಸೂತ್ರದಲ್ಲಿ 'ಪದದ ಅಕ್ಷರ' ಎಂಬ ಸಿದ್ಧ ಸಂಕೇತವನ್ನೇ ಬಳಸಿದರೂ 'ಕನ್ನಡ' ಎಂಬುದು 'ಕನ', 'ನಡ' ಎಂದು ಎರಡಾಗುತ್ತದೆ. ಪರ್ಲ್ ಭಾಷೆಯಲ್ಲಿ ಹಾಗಾಗುವುದಿಲ್ಲ. ಒಂದು ಯಂತ್ರಕ್ಕೆ ಹಲಂತ ಅಕ್ಷರದ ಅಂಗ, ಇನ್ನೊಂದಕ್ಕೆ ಅದು ಪದಗಳ ನಡುವಿನ ಬೇಲಿ.

ಇದೆಲ್ಲ ಗಣಕ ಬಲ್ಲವರ ಕಸರತ್ತು, ನಮಗೇನು ಎಂದು ಕೇಳುವವರಿಗಾಗಿ ಒಂದು ಪ್ರಸಂಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ನೆರೆಯ ಹಿರಿಯ ತಾಯಿಯೊಬ್ಬರು ಸಹಾಯಧನದ ಅರ್ಜಿ ತುಂಬಿಸಿಕೊಡಲು ನನ್ನನ್ನು ಕರೆದಿದ್ದರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ಸಹಿ ಕನ್ನಡದಲ್ಲಿಯೇ ಹಾಕುವವರು. ಗಣಕದ ಅರ್ಜಿಯಲ್ಲಿ 'ಪ್ರಾದೇಶಿಕ ಭಾಷೆಯಲ್ಲಿ ಹೆಸರು' ಎಂಬ ಒಂದು ಚೌಕವಿತ್ತು. ಅವರು ಹೇಳಿದಂತೆಯೇ ಹೆಸರನ್ನೂ ಮನೆಯ ಹೆಸರನ್ನೂ ಕನ್ನಡದಲ್ಲಿ ತುಂಬಿದೆ. ಕೆಂಪು ಬಣ್ಣದಲ್ಲಿ ಒಂದು ಸೂಚನೆ ಬಂತು: ದಯವಿಟ್ಟು ಅಕ್ಷರಗಳನ್ನು ಮಾತ್ರ ಬಳಸಿ. ನಾನು ಅದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. "ಹಾಗಾದರೆ ನಾವು ಬರೆದದ್ದು ಅಕ್ಷರ ಅಲ್ಲವಾ ಮಾಷ್ಟ್ರೇ?" ಎಂದು ಕೇಳಿದರು.

ಆ ಅರ್ಜಿಯನ್ನು ರಚಿಸಿದವರಿಗೆ ದ್ವೇಷವೇನೂ ಇದ್ದಿರಲಾರದು. ಚೌಕದ ಹಿಂದೆ ಎಲ್ಲಿಯೋ ಒಂದು ವ್ಯಾಪ್ತಿ ಬರೆದಿರಬೇಕು: ಇಂಥ ಅಕ್ಷರದಿಂದ ಇಂಥ ಅಕ್ಷರದವರೆಗೆ. ಮಲಯಾಳದ ಸಾಲನ್ನು ಮಾತ್ರ ಎಣಿಸಿದ ಆ ವ್ಯಾಪ್ತಿಯೊಳಗೆ ಕನ್ನಡದ ಒಂದು ಸಂಖ್ಯೆಯೂ ಬೀಳಲಿಲ್ಲ. ಬರೆದವರ ಮನಸ್ಸಿನಲ್ಲಿ 'ಪ್ರಾದೇಶಿಕ' ಎಂದರೆ ಒಂದೇ ಭಾಷೆ. ಆ ಊಹೆ ಎರಡು ತುದಿಗಳ ನಡುವಿನ ಸಣ್ಣ ಅಡ್ಡಗೆರೆಯೊಳಗೆ ಸೇರಿಕೊಂಡು, ಅವರು ಎಂದೂ ಕಾಣದ ಒಬ್ಬ ಮುದುಕಿಯ ಹೆಸರನ್ನು ತಿರಸ್ಕರಿಸಿತು. ಕಡೆಗೆ ಮಲಯಾಳದಲ್ಲಿಯೇ ತುಂಬಬೇಕಾಯಿತು. 'ಮೂಲೆ' ಎಂದು ಕೊನೆಗೊಳ್ಳುವ ಅವರ ಮನೆಯ ಹೆಸರು 'ಮೂಲ' ಎಂದಾಯಿತು. ಮಲಯಾಳದಲ್ಲಿ ಅದು ತಪ್ಪಲ್ಲ. ಅಲ್ಲಿ 'ಮೂಲ' ಎಂದರೂ ಮೂಲೆಯೇ. ಆದರೆ ನಾಳೆ ಆ ದಾಖಲೆಯನ್ನು ಕನ್ನಡಕ್ಕೆ ತಿರುಗಿಸುವವರು 'ಮೂಲ' ಎಂದೇ ಬರೆಯುತ್ತಾರೆ. ಮೊಮ್ಮಕ್ಕಳ ಕಾಲಕ್ಕೆ ಮೂಲೆಮನೆ ಇದ್ದ ನೆನಪೂ ಉಳಿಯುವುದಿಲ್ಲ.

ಕಾನೂನು ನಮ್ಮನ್ನು ಮರೆತಿಲ್ಲ ಎಂಬುದನ್ನೂ ಹೇಳಬೇಕು. ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಕಾಗದದ ಮೇಲೆ ಅರ್ಜಿ ಬರೆಯುತ್ತಿದ್ದ ಕಾಲದಲ್ಲಿ ಗುಮಾಸ್ತನಿಗೆ ಕನ್ನಡ ಬಾರದಿದ್ದರೂ ಅರ್ಜಿ ಮೇಜನ್ನಾದರೂ ತಲುಪುತ್ತಿತ್ತು. ಈಗ ಬಾಗಿಲಲ್ಲಿಯೇ ತಡೆಯುವುದು ಸೂತ್ರ. ಅದಕ್ಕೆ ಕಾಯ್ದೆಯನ್ನು ಓದಿ ಹೇಳಿದವರಿಲ್ಲ.

ಪರಿಹಾರ ಕಷ್ಟದ್ದಲ್ಲ. ಈಗಿನ ಉಪಕರಣಗಳಲ್ಲಿ ತುದಿಗಳನ್ನು ಹೇಳುವ ಬದಲು ಲಿಪಿಯ ಹೆಸರನ್ನೇ ಹೇಳುವ ಸೌಲಭ್ಯವಿದೆ. 'ಕನ್ನಡ ಲಿಪಿಗೆ ಸೇರಿದ್ದು' ಎಂದರೆ ಸ್ವರಚಿಹ್ನೆ, ಅನುಸ್ವಾರ, ಹಲಂತ, ದೂರದ 'ೞ' ಎಲ್ಲವೂ ಬರುತ್ತವೆ. 'ಸಾಫ್ಟ್‌ವೇರ್' ಎಂಬಂಥ ಪದಗಳನ್ನು ಸರಿಯಾಗಿ ಮೂಡಿಸಲು ಬೇಕಾದ, ಕಣ್ಣಿಗೆ ಕಾಣದ ಒಂದು ಚಿಹ್ನೆ ಕನ್ನಡದ ಸಾಲಿನಿಂದ ಬಹುದೂರ 8204ರಲ್ಲಿದೆ. ಅದನ್ನು ಹೆಸರು ಹಿಡಿದು ಸೇರಿಸಿಕೊಳ್ಳಬೇಕು. ಒಂದು ಊರಿನಲ್ಲಿ ಎರಡು ಲಿಪಿಗಳಿದ್ದರೆ ಎರಡರ ಹೆಸರನ್ನೂ ಬರೆಯಬಹುದು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಲಿಪಿ ಬೇರೆ, ಭಾಷೆ ಬೇರೆ ಎಂಬುದನ್ನೂ ಮರೆಯಬಾರದು. ನಮ್ಮ ಊರಿನಲ್ಲಿ ತುಳುವನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ತುಳು-ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಸ್ವಂತ ಸಾಲು ದೊರೆತದ್ದು 2024ರಲ್ಲಿ. ಸೂತ್ರ ಬರೆಯುವವರಿಗೆ ಬೇಕಾದದ್ದು ಜಾಣ್ಮೆಗಿಂತ ಹೆಚ್ಚಾಗಿ, ಈ ಊರಿನಲ್ಲಿ ಯಾರು ಯಾರು ಇದ್ದಾರೆ ಎಂಬ ತಿಳಿವಳಿಕೆ.

ನನ್ನ ಹೆಸರುಗಳ ಪಟ್ಟಿ ಈಗ ಸುಮಾರಾಗಿ ರೂಪುಗೊಂಡಿದೆ. ಅದರಲ್ಲಿ ಯಂತ್ರದ ಕ್ರಮವನ್ನು ಇಟ್ಟುಕೊಂಡಿಲ್ಲ. 'ಳ' ಶಾಲೆಯಲ್ಲಿ ಕಲಿತಂತೆ 'ಹ'ದ ನಂತರವೇ ಬರುತ್ತದೆ. ಹಳೆಯ ದಾಖಲೆಗಳಲ್ಲಿ 'ೞ' ಇರುವ ಹೆಸರುಗಳನ್ನು 'ಳ' ಎಂದು ತಿದ್ದದೆ, 'ಳ'ದ ಪಕ್ಕದಲ್ಲಿ ಅದೇ ರೂಪದಲ್ಲಿ ಇಟ್ಟಿದ್ದೇನೆ. ಪ್ರತಿ ಹೆಸರಿನ ಎದುರು ಮಲಯಾಳದ ರೂಪವನ್ನೂ ದಾಖಲಿಸಿದ್ದೇನೆ. ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸುವ ಆಸೆ ನನಗಿಲ್ಲ. ಸಮ್ಮೇಳನಕ್ಕೆ ಬರುವ ಬಂಧುಗಳಲ್ಲಿ ಒಂದು ಕೋರಿಕೆ: ನಿಮ್ಮ ಮನೆಯ, ಗದ್ದೆಯ, ತೋಡಿನ ಹೆಸರನ್ನು ಮನೆಯ ಹಿರಿಯರು ಉಚ್ಚರಿಸುವಂತೆಯೇ ಒಂದು ಚೀಟಿಯಲ್ಲಿ ಬರೆದು ತನ್ನಿ. ಕಾಗುಣಿತ ಸರಿಯೇ ತಪ್ಪೇ ಎಂದು ಚಿಂತಿಸಬೇಡಿ. ಆ ತಾಯಿಯ ಮನೆಯ ಹೆಸರು ಪಟ್ಟಿಯಲ್ಲಿ 'ಮ'ಕಾರದ ಕೆಳಗೆ ಸೇರಿದೆ, ಕೊನೆಯ ಏತ್ವದೊಂದಿಗೆ.